ತೂಗದ ಕಟ್ಟು

ಕರ್ಪೂರ ಸಿಕ್ಕಿತು, ಎಳ್ಳು ಸಿಕ್ಕಿತು. ಕೋರಾ ಬಟ್ಟೆಯ ಥಾನು ಮಾತ್ರ ಅಂಗಡಿಯ ಮೇಲಿನ ಹಲಗೆಯಲ್ಲಿತ್ತು. ಸೌಜನ್ಯ ಸ್ಟೂಲು ಹತ್ತಿ ಅದನ್ನು ಎಳೆಯುತ್ತಿದ್ದಾಗ ಅಂಗಳದಿಂದ ದೇವಣ್ಣನ ದನಿ ಬಂತು.

"ಹ್ವಾಯ್, ಆಯ್ತಾ ಇಲ್ಯಾ? ಹತ್ತ್ ಗಂಟಿ ಒಳ್ಗೆ ಹೊರಡ್ಕ್."

ಅಂಗಡಿಗೆ ತಾಗಿಕೊಂಡೇ ಇದ್ದ ಮನೆಯ ಚಾವಡಿಯಲ್ಲಿ ಅವಳ ಅತ್ತೆ ಅಮ್ಮಣಿಯನ್ನು ಮಲಗಿಸಿದ್ದರು. ನಿನ್ನೆ ಸಂಜೆ ಚಾ ಕುಡಿದು, ಲೋಟ ಕೆಳಗಿಟ್ಟು ಗೋಡೆಗೆ ಒರಗಿದವರು ಹಾಗೆಯೇ ಹೋಗಿಬಿಟ್ಟಿದ್ದರು. ಯಡ್ತರೆಯಲ್ಲಿ ನಲವತ್ತು ವರ್ಷ ಅಂಗಡಿ ನಡೆಸಿದ ಹೆಂಗಸು. ಗಿರಾಕಿ ಇಲ್ಲದ ಹೊತ್ತು ನೋಡಿಯೇ ಹೊರಟಂತಿತ್ತು.

ಪೇಚಾಟ ಶುರುವಾದದ್ದು ಬೆಳಿಗ್ಗೆ. ಊರಲ್ಲಿ ಯಾರು ತೀರಿಕೊಂಡರೂ ಸಾಮಾನು ಹೋಗುತ್ತಿದ್ದುದು ಅಮ್ಮಣಿಯ ಅಂಗಡಿಯಿಂದಲೇ. ಆದರೆ ಆ ಸಾಮಾನನ್ನು ಹೆಸರು ಹೇಳಿ ಕೇಳುವ ಪದ್ಧತಿ ಇರಲಿಲ್ಲ. ಸಾವಿನ ಮನೆಯವರು ಅಂಗಡಿಯ ಎದುರಿಗೆ ಬಾರದೆ ಪಕ್ಕದ ಕಿಟಕಿಯ ಬಳಿ ಬಂದು ಸುಮ್ಮನೆ ನಿಲ್ಲುತ್ತಿದ್ದರು. ಅಮ್ಮಣಿ ಒಂದು ಮಾತೂ ಆಡದೆ, ಯಾವುದನ್ನೂ ತಕ್ಕಡಿಗೆ ಹಾಕದೆ, ಕೈಯಳತೆಯಲ್ಲೇ ಎಲ್ಲ ತೆಗೆದು ಒಂದು ಕಟ್ಟು ಕಟ್ಟಿ ಕೊಟ್ಟು ಬೆನ್ನು ತಿರುಗಿಸುತ್ತಿದ್ದರು. ಆ ಕಟ್ಟಿನಲ್ಲಿ ಏನೇನಿರಬೇಕೆಂದು ಊರಿನಲ್ಲಿ ಯಾರೂ ಯಾರಿಗೂ ಹೇಳಿದ್ದೇ ಇಲ್ಲ.

"ದೇವಣ್ಣ, ನೂರ್ ಹೆಣ ಹೊತ್ತವ್ರ್ ನೀವ್. ನಿಮ್ಗಾರೂ ಗೊತ್ತಿಲ್ಯಾ?" ಸೌಜನ್ಯಳ ಗಂಡ ರವಿರಾಜ್ ಕೇಳಿದ.

"ನಂಗೆ ಬಿಚ್ಚಿ ಗೊತ್ತ್ ಮಾರಾಯಾ, ಕಟ್ಟಿ ಗೊತ್ತಿಲ್ಲೆ. ಕೈ ಹಾಕಿರೆ ಬೇಕಾದ್ದ್ ಸಿಕ್ತಿತ್ತ್. ಎಂತೆಂತ ಇತ್ತ್ ಅಂದ್ ಯಾರ್ ಕಂಡಿರ್?"

"ಹಂಗಾರೆ ಬೈಂದೂರ್ ಮಾರ್ಟಿಗ್ ಹೋಯಿ ಬತ್ತೆ. ಕಂಡದ್ದೆಲ್ಲ ತಕಂಡ್ ಬಪ್ಪುದ್" ಎಂದ ರವಿರಾಜ್.

ಪಕ್ಕದ ಮನೆಯ ಪದ್ದು ಕಣ್ಣೊರೆಸಿಕೊಳ್ಳುತ್ತಲೇ ಬಾಯಿ ಹಾಕಿದಳು. "ಹೋಗ್ ಹೋಗ್. ಒಂದ್ ತಕಂಡ್ರೆ ಒಂದ್ ಫ್ರೀ ಅಂಬ್ರ್. ಫ್ರೀ ಬಂದದ್ದ್ ಯಾರಿಗ್? ದೇವಣ್ಣಂಗಾ?"

"ನಂಗೆ ಈಗ್ಳೇ ಬ್ಯಾಡ ಮಾರಾಯ್ತಿ, ಈ ವರ್ಷದ್ ಮಾವಿನ್ ಹಣ್ಣ್ ಮುಗಿಲಿ" ಎಂದ ದೇವಣ್ಣ. ಅಳುತ್ತಿದ್ದವರೂ ಸೆರಗು ಬಾಯಿಗಿಟ್ಟು ನಕ್ಕರು. ಅಮ್ಮಣಿ ಎದ್ದು ಕೂತಿದ್ದರೆ ಎಲ್ಲರಿಗಿಂತ ಮೊದಲು ನಗುತ್ತಿದ್ದರು.

"ಸೌಜನ್ಯ ಹ್ಯಾಂಗೂ ಆ ಮಾರ್ಟಂಗೆ ಬಿಲ್ ಮಾಡುವಳ್" ಎಂದಳು ಪದ್ದು. "ಅತ್ತಿ ಕಟ್ಟ್ ಇವ್ಳಿಗೆಂತ ಗೊತ್ತ್, ಪಾಪ."

ಮಾತಿನಲ್ಲಿ ವಿಷವಿರಲಿಲ್ಲ. ಆದರೂ ಚುಚ್ಚಿತು. ಸೌಜನ್ಯ ಸ್ಟೂಲಿನಿಂದ ಇಳಿದಳು.

"ಯಾರೂ ಎಲ್ಲಿಗೂ ಹೋಪುದ್ ಬ್ಯಾಡ. ನಾನ್ ಕಟ್ತೆ."

*

ಎರಡು ವರ್ಷದ ಹಿಂದೆ ಹೆದ್ದಾರಿ ಬದಿಯಲ್ಲಿ ಮಾರ್ಟು ತೆರೆದಾಗ, ಸೊಸೆ ಅಲ್ಲಿಗೆ ಕೆಲಸಕ್ಕೆ ಹೋಗುತ್ತೇನೆಂದರೂ ಅಮ್ಮಣಿ ಬೇಸರಿಸಲಿಲ್ಲ. ಬದಲಿಗೆ ಬುಧವಾರ ಬುಧವಾರ ಎರಡು ಚೀಲ ಹಿಡಿದು ತಾವೇ ಹೋಗತೊಡಗಿದರು. ಆಫರಿನ ಸಾಬೂನು, ಬಿಸ್ಕತ್ತು ತುಂಬಿಕೊಂಡು ಬಂದು ತಮ್ಮ ಅಂಗಡಿಯಲ್ಲಿ ಜೋಡಿಸುತ್ತಿದ್ದರು. "ಹೋಲ್‌ಸೇಲಿಗಿಂತ ನಿಮ್ಮಲ್ಲೇ ಕಡ್ಮಿ ಕಾಣ್ ಹೆಣ್ಣೆ" ಎಂದು ಖುಷಿಯೋ ಖುಷಿ.

ಮಾರ್ಟಿನಲ್ಲಿ ಒಂದು ನಿಯಮವಿತ್ತು. ಬಿಲ್ಲು ಕೊಡುವಾಗ ಪ್ರತಿಯೊಬ್ಬರಿಗೂ "ಧನ್ಯವಾದ, ಮತ್ತೆ ಬನ್ನಿ" ಎನ್ನಬೇಕು. ಒಂದು ಮಧ್ಯಾಹ್ನ ಶಿರೂರು ಕಡೆಯ ಒಬ್ಬರು ಬಿಳಿ ಬಟ್ಟೆ, ಕರ್ಪೂರ, ಎಳ್ಳು, ತುಪ್ಪ ತಂದಿಟ್ಟರು. ಸೌಜನ್ಯ ತಲೆಯೆತ್ತದೆ ಬಿಲ್ಲು ಮಾಡಿ, ತಲೆಯೆತ್ತದೆ "ಮತ್ತೆ ಬನ್ನಿ" ಎಂದಳು. ಅವರು ಒಂದು ಗಳಿಗೆ ಅವಳನ್ನೇ ನೋಡಿ ಹೋದರು. ಮುಕ್ಕಾಲು ಗಂಟೆಯಲ್ಲಿ ಬೆವರುತ್ತ ತಿರುಗಿ ಬಂದರು. ಬೆಂಕಿಪೆಟ್ಟಿಗೆ ಮರೆತಿದ್ದರು. ತುಂಬಿದ ಟ್ರಾಲಿಗಳ ಸಾಲಿನ ಕೊನೆಯಲ್ಲಿ, ಒಂದು ಬೆಂಕಿಪೆಟ್ಟಿಗೆ ಹಿಡಿದು, ಅಪ್ಪನನ್ನು ಕಳೆದುಕೊಂಡ ಮನುಷ್ಯ ನಿಂತಿದ್ದರು.

"ನಾನ್ ಮತ್ತೆ ಬನ್ನಿ ಅಂದೆ ಅತ್ತಿ. ಅವ್ರ್ ಬಂದೇ ಬಿಟ್ರ್." ಅಂದು ಸಂಜೆ ಸೌಜನ್ಯ ಅತ್ತುಬಿಟ್ಟಳು.

ಅಮ್ಮಣಿ ಸಿಗಡಿ ಸುಲಿಯುತ್ತ ಕೂತಿದ್ದರು. ಬೈಯಲಿಲ್ಲ.

"ನಿಂಗ್ ಹೇಳಿಕೊಟ್ಟದ್ದ್ ನೀನ್ ಹೇಳ್ದೆ. ಸಾವಿನ್ ಮನಿಯವ್ರ್ ಎರಡ್ನೇ ಸಲ ಅಂಗ್ಡಿ ಮೆಟ್ಲ್ ಹತ್ತೂಕಾಗ, ಅಷ್ಟೇ. ನಲ್ವತ್ತ್ ವರ್ಷಂಗೆ ನನ್ ಕಿಟ್ಕಿಗೆ ಒಬ್ರೂ ತಿರ್ಗಿ ಬಂದದ್ದಿಲ್ಲೆ." ಆಮೇಲೆ ದನಿ ತಗ್ಗಿಸಿ, ಯಾರಿಗೂ ಹೇಳದ್ದನ್ನು ಹೇಳಿದರು. "ಮರ್ತ್ ಹೋಪುದ್ ದೊಡ್ಡ ಸಾಮಾನಲ್ಲ, ಸಣ್ದ್. ಬೆಂಕಿಪೆಟ್ಟಿಗೆ ಎರಡ್ ಹಾಕ್ಕ್, ಕಡ್ಲ್ ಗಾಳಿಗ್ ಒಂದ್ ಥಂಡಿ ಆತ್ತ್. ಬ್ಲೇಡ್ ಇರ್ಕ್. ಇಲ್ದಿರೆ ಮಗ ಆದವ ಹಲ್ಲಂಗೆ ಹುರಿ ಕಚ್ಚಿ ತುಂಡ್ ಮಾಡ್ಕ್."

ಅಲ್ಲಿಂದ ಮುಂದೆ ಬಿಲ್ಲಿನ ಮೇಜಿನ ಬೆಲ್ಟಿನ ಮೇಲೆ ಬಿಳಿ ಬಟ್ಟೆ ಬಂದರೆ ಸೌಜನ್ಯಳ ಕೈ ನಿಧಾನವಾಗುತ್ತಿತ್ತು. "ಬೆಂಕಿಪೆಟ್ಟಿಗೆ ಇತ್ತಾ? ಬ್ಲೇಡ್?" ಎಂದು ಅವರಿಗಷ್ಟೇ ಕೇಳುವಂತೆ ಕೇಳುವಳು. ಇಲ್ಲವೆಂದರೆ ತಾನೇ ಎದ್ದು ತಂದು ಚೀಲಕ್ಕೆ ಹಾಕುವಳು. "ಮತ್ತೆ ಬನ್ನಿ"ಯನ್ನು ನುಂಗಿಕೊಳ್ಳುವಳು. ಸೂಪರ್‌ವೈಸರ್ ಎರಡು ಸಲ ಎಚ್ಚರಿಸಿದರೂ ನುಂಗಿದಳು.

ಮನೆಗೆ ಬಂದರೆ ಅಮ್ಮಣಿಯದು ಒಂದೇ ಪ್ರಶ್ನೆ. "ಇವತ್ತ್ ಯಾರಾರೂ ತಿರ್ಗಿ ಬಂದ್ರಾ?"

"ಇಲ್ಲೆ ಅತ್ತಿ."

"ಹಾಂ. ಬಾ, ಊಟ ಮಾಡುವ." ಆ ದಿನ ಮುದುಕಿ ಎರಡು ತುತ್ತು ಹೆಚ್ಚಿಗೆ ಉಣ್ಣುತ್ತಿದ್ದರು.

*

ಸೌಜನ್ಯ ತಕ್ಕಡಿಯನ್ನು ಬದಿಗೆ ಸರಿಸಿದಳು. ಅಕ್ಕಿ, ಎಳ್ಳು, ಅರಿಶಿನ ಎಲ್ಲ ಹಿಡಿಯಲ್ಲೇ ಅಳೆದಳು. ಬಟ್ಟೆಯನ್ನು ತೋಳಿನಲ್ಲಿ ಅಳೆದು ಹರಿದಳು. ತುಪ್ಪ, ಊದುಬತ್ತಿ, ಗಂಧದ ಚೂರು, ಹುರಿ. ಬೆಂಕಿಪೆಟ್ಟಿಗೆ ಎರಡು. ಬ್ಲೇಡನ್ನು ಕಾಗದದಲ್ಲಿ ಸುತ್ತಿ ಎಲ್ಲಕ್ಕಿಂತ ಮೇಲಿಟ್ಟಳು. ಗಂಟು ಹಾಕಿ, ಒಂದು ಮಾತೂ ಆಡದೆ ದೇವಣ್ಣನ ಕೈಗೆ ಕೊಟ್ಟಳು.

ದೇವಣ್ಣ ಕಟ್ಟನ್ನು ಅಂಗೈಯಲ್ಲಿ ಎತ್ತಿ ಇಳಿಸಿ ನೋಡಿದ.

"ಎಲ್ಲ ಇತ್ತಾ ಹೆಣ್ಣೆ? ಅಲ್ಲಿಂದ ಯಾರನ್ನಾರೂ ವಾಪಾಸ್ ಕಳ್ಸುದಾರೆ ಅಮ್ಮಣಕ್ಕನ ಮರ್ಯಾದಿ ಹೋಪುದ್."

ಅವಳು ತಲೆಯಾಡಿಸಿ ಬೆನ್ನು ತಿರುಗಿಸಿದಳು.

ಗಂಡಸರು ಹೊತ್ತು ಹೊರಟರು. ಹೆಂಗಸರು ಅಂಗಳಕ್ಕೆ ನೀರು ಹಾಕಿ ಗುಡಿಸಿದರು.

"ಬಾ, ಮಿಂದ್ಕಂಬ" ಎಂದು ಪದ್ದು ಕರೆದಳು.

"ನೀವ್ ಹೋಯ್ನಿ. ನಾನ್ ಒಂಚೂರ್ ನಿಲ್ತೆ."

ಪದ್ದು ಅವಳ ಮುಖ ನೋಡಿ, ಏನು ತಿಳಿಯಿತೋ, ತಾನೂ ಬಂದು ಪಕ್ಕದಲ್ಲಿ ನಿಂತಳು. ಇಬ್ಬರೂ ಸ್ಮಶಾನದ ದಾರಿಯನ್ನೇ ನೋಡಿದರು. ಸೌಜನ್ಯ ಮನಸ್ಸಿನಲ್ಲೇ ಕಟ್ಟನ್ನು ಬಿಚ್ಚಿ ಮತ್ತೆ ಕಟ್ಟಿದಳು. ಇನ್ನೊಮ್ಮೆ ಬಿಚ್ಚಿದಳು.

ಆ ಕಡೆಯಿಂದ ಒಂದು ಬೈಕು ಬಂತು. ಅಂಗಡಿಯ ಎದುರಿನ ಹೊಂಡದ ಹತ್ತಿರ ನಿಧಾನವಾಯಿತು. ಪದ್ದು ಅವಳ ಮೊಣಕೈ ಹಿಡಿದುಕೊಂಡಳು. ಬೈಕು ಹೊಂಡ ತಪ್ಪಿಸಿ, ಹಾರ್ನು ಹಾಕಿ, ಹೆದ್ದಾರಿಯ ಕಡೆಗೆ ಹೋಯಿತು.

ಆಮೇಲೆ ಯಾರೂ ಬರಲಿಲ್ಲ. ಬಿಸಿಲು ಬಿದ್ದ ದಾರಿಯಲ್ಲಿ ಒಂದು ಕೋಳಿ ಅವಸರವಿಲ್ಲದೆ ದಾಟಿತು. ಗಾಳಿಮರಗಳ ಆಚೆ ತೆಳ್ಳಗೆ ಹೊಗೆ ಎದ್ದು, ಗಾಳಿಗೆ ಒಮ್ಮೆ ಬಾಗಿ, ನೆಟ್ಟಗಾಯಿತು.