ಬಿಡ್ತು ಅನ್ನು

ಕೂಸನ್ನು ಮಗನ ಹತ್ತಿರ ಬಿಟ್ಟು ಸೊಸೆ ಸಪ್ನಾಳನ್ನು ನಾಂಪಲ್ಲಿಯ ಆಸ್ಪತ್ರೆಗೆ ಕರೆತಂದ ಶಿವದೇವಿ, ತಲೆನೋವು ಎಂದು ಚೀಟಿ ಬರೆಸಿದಳು. ಹೆತ್ತು ನಾಲ್ಕು ತಿಂಗಳಾದರೂ ಹುಡುಗಿಗೆ ನಿದ್ದೆಯಿಲ್ಲ, ಅನ್ನ ಸೇರದು. ಕೂಸು ಅತ್ತರೂ ಗೋಡೆ ನೋಡುತ್ತ ಕೂರುತ್ತಾಳೆ. ಇದಕ್ಕೆಲ್ಲ ಒಂದು ಹೆಸರು ಬೇಕಿತ್ತು.

ಡಾಕ್ಟರ್ ನಳಿನಿ ಮೈಸೂರಿನವರು. ಅತ್ತೆ ಸೊಸೆಯ ಪಿಸುಮಾತು ಕೇಳಿ ಹಿಂದಿ ಬಿಟ್ಟು ಕನ್ನಡಕ್ಕೆ ಬಂದರು. ಬಿ.ಪಿ. ನೋಡಿದರು. ಅತ್ತೆ ಹೊರಗೆ ಕೂರಬೇಕೇ ಎಂದು ಸಪ್ನಾಳನ್ನು ಕೇಳಿದರು. "ಇರಲಿ ಬಿಡ್ರಿ" ಎಂದಳು. ಡಾಕ್ಟರು ಕುರ್ಚಿ ಹತ್ತಿರ ಎಳೆದುಕೊಂಡು, ಊಟವಾಯಿತೇ ಎನ್ನುವ ದನಿಯಲ್ಲೇ ಕೇಳಿದರು: "ಬದುಕೋದು ಬೇಡ, ಸಾಯಬೇಕು ಅಂತ ಅನ್ನಿಸುತ್ತಾ?"

"ಬಿಡ್ತು ಅನ್ರಿ" ಎಂದಳು ಶಿವದೇವಿ. ಅಶುಭ ಯಾರ ಬಾಯಿಂದ ಬಂದರೂ ಅಲ್ಲೇ ಚಿವುಟಿಹಾಕಲು ಅವಳವ್ವ ಕಲಿಸಿದ ಮಾತದು. "ಕೂಸಿನ ತಾಯಿ ಅದಾಳ. ಇಲ್ಲದ್ದು ತಲ್ಯಾಗ ತುಂಬಬ್ಯಾಡ್ರಿ."

"ಕೇಳಿದರೆ ತುಂಬೋದಿಲ್ಲ ಅಮ್ಮ. ಒಳಗಿದ್ದರೆ ಹೊರಗೆ ಬರುತ್ತೆ."

"ಹೂಂ" ಎಂದಳು ಸಪ್ನಾ. "ದಿನಾ ಅನಸ್ತೈತ್ರಿ."

ಶಿವದೇವಿ ಸೆರಗನ್ನು ಬಾಯಿಗೊತ್ತಿಕೊಂಡಳು. ಡಾಕ್ಟರು ಗದರುತ್ತಾರೆ, ಪೊಲೀಸರನ್ನು ಕರೆಯುತ್ತಾರೆ ಎಂದುಕೊಂಡಳು. ಅವರು "ಹೇಳಿದ್ದು ಒಳ್ಳೇದಾಯ್ತು" ಎಂದರಷ್ಟೆ. ಹೆರಿಗೆಯ ನಂತರ ಹೀಗಾಗುವುದುಂಟು, ವಾಸಿಯಾಗುತ್ತದೆ ಎಂದರು. ಏನಾದರೂ ಮಾಡಿಕೊಳ್ಳುವ ಯೋಚನೆ ಇದೆಯೇ ಎಂದೂ ಬಿಡಿಸಿ ಕೇಳಿದರು, ಸಪ್ನಾ ಇಲ್ಲವೆಂದಳು. ಇವತ್ತೇ ನೋಡುವಂತೆ ಮನೋವೈದ್ಯರಿಗೆ ಫೋನ್ ಮಾಡಿದರು. ಆಮೇಲೆ ಒಂದು ಹಾಳೆ ಮುಂದಿಟ್ಟರು.

"ಮನಸ್ಸು ತೀರಾ ಕೆಟ್ಟಾಗ ಯಾರಿಗೆ ಹೇಳ್ತೀರಾ? ಹೆಸರು ಬರೀರಿ."

ಸಪ್ನಾ ಗಂಡ ಸೂರ್ಯಕಾಂತನ ಹೆಸರು ಬರೆದಳು.

"ಅವರು ಡ್ಯೂಟಿಗೆ ಹೋದಾಗ?"

ಪೆನ್ನು ನಿಂತಿತು. "ಅತ್ತಿ ಇರ್ತಾರ್ರಿ. ಎರಡು ಸಲ ಹೇಳಾಕ ಹೋದೆ. ಬಿಡ್ತು ಅನ್ನು ಅಂದ್ರು. ಬಿಡ್ತು ಅಂತ ಅಂದು ಒಳಗ ಹೋದೆ."

ಎರಡನೆಯ ಸಲ ತಾನು ಸೊಪ್ಪು ಸೋಸುತ್ತಿದ್ದದ್ದು ಶಿವದೇವಿಗೆ ನೆನಪಾಯಿತು. ತಲೆಯನ್ನೂ ಎತ್ತಿರಲಿಲ್ಲ.

"ನನ್ನ ಹೆಸರು ಬರಿಯವ್ವ. ಇನ್ನ ಆ ಮಾತು ಅನ್ನಂಗಿಲ್ಲ."

"ಮತ್ತ ಅಂದ್ರ?"

"ಅಂದ್ರ ಈ ಡಾಕ್ಟರಮ್ಮಗ ಚಾಡಿ ಹೇಳು."

ಸಪ್ನಾಳ ತುಟಿಯಂಚು ಕೊಂಚ ಸಡಿಲಾಯಿತು. ಹೆಸರು ಬರೆದಳು.

ಮನೋವೈದ್ಯರನ್ನೂ ಕಂಡು, ಔಷಧಿ ಹಿಡಿದು, ಇಬ್ಬರೂ ಮನೆ ಕಡೆಯ ಬಸ್ ಹತ್ತಿದರು.

"ಅತ್ತೀ, ಅದು ಇನ್ನೂ ಒಳಗ ಐತ್ರಿ" ಎಂದಳು ಸಪ್ನಾ.

ಹಳೆಯ ಮಾತು ನಾಲಿಗೆಯ ತುದಿಗೆ ಬಂತು. ಶಿವದೇವಿ ನುಂಗಿಕೊಂಡಳು. "ಹೇಳು. ಮೆಹದಿಪಟ್ಟಣಂ ಮುಟ್ಟೂತನಕ ಟ್ರಾಫಿಕ್ ಭಾಳ ಐತಿ."

ಸಪ್ನಾ ಹೇಳತೊಡಗಿದಳು. ಲಕ್ಡಿಕಾ ಪೂಲ್ ಸ್ಟಾಪ್ ದಾಟುವಾಗ ಅರ್ಧ ಮಾತಿನಲ್ಲೇ ಅತ್ತೆಯ ಹೆಗಲಿಗೆ ಒರಗಿ ನಿದ್ದೆಹೋದಳು. ಶಿವದೇವಿ ಹೆಗಲು ಅಲುಗಿಸದೆ ಕೂತಳು.