ಸೋರುವ ಸಂದಲ್ಲ, ಮೀನಿನ ದಾರಿ

ನಲ್ಲಿಯಲ್ಲಿ ನೀರಿಗಿಂತ ಗಾಳಿಯೇ ಹೆಚ್ಚು ಬರುತ್ತಿತ್ತು. ಬೀದಿಯ ಹೆಂಗಸರು ಕೊಡಗಳನ್ನು ಸಾಲಿಟ್ಟುಕೊಂಡು ನೀರುಗಂಟಿಗೆ ಬೈಯುತ್ತಿದ್ದರು. ಅವನೋ ಪಂಪ್‌ಹೌಸಿನಲ್ಲಿ ಇರುತ್ತಿದ್ದ. ಬೈಗುಳವನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದವಳು, ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಮೆಷಿನ್ ತುಳಿಯುತ್ತಿದ್ದ ಅವನ ಹೆಂಡತಿ. ಎಲ್ಲರೂ ಅವಳನ್ನು ಟೈಲರಕ್ಕ ಎನ್ನುತ್ತಿದ್ದರು.

"ನಿನ್ನ ಗಂಡ ವಾಲ್ವ್ ತಿರುಗಿಸ್ತಾನೋ, ಮೀಸೆ ತಿರುಗಿಸ್ಕೊಂಡು ಕೂತಿರ್ತಾನೋ?" ಎಂದು ಪಕ್ಕದ ಮನೆಯವಳು ಕೇಳಿದ ದಿನ ಟೈಲರಕ್ಕನಿಗೆ ತಡೆಯಲಾಗಲಿಲ್ಲ. ಹೊಳೆಗೆ ಅಡ್ಡಲಾಗಿ ಹೊಸದಾಗಿ ಕಟ್ಟಿದ್ದ ಒಡ್ಡನ್ನು ತಾನೇ ಹೋಗಿ ನೋಡಿದಳು. ಒಡ್ಡಿನ ಮಗ್ಗುಲಲ್ಲಿ ಮೆಟ್ಟಿಲು ಮೆಟ್ಟಿಲಾದ ಒಂದು ಕಾಲುವೆ. ಅದರಲ್ಲಿ ನೀರು ಜುಳುಜುಳು ಎಂದು ಕೆಳಗಿಳಿದು ಹೋಗುತ್ತಿತ್ತು. ಅವಳ ಹೊಟ್ಟೆ ಉರಿಯಿತು. ನೀರು ಪೋಲು ಮಾಡಬೇಡಿ ಎಂದು ಮಹಿಳಾ ಸಂಘದ ಪರವಾಗಿ ಮನೆಮನೆಗೆ ಹೇಳಿ ಬಂದವಳು ಅವಳೇ! ಕಾಲುವೆ ಯಾತಕ್ಕೆಂದು ಕಟ್ಟಿದವರು ಹೇಳಿರಲಿಲ್ಲ, ಒಂದು ಬೋರ್ಡನ್ನೂ ನೆಟ್ಟಿರಲಿಲ್ಲ. ಟೈಲರಕ್ಕ ಹಳೆಯ ಪರದೆ ಬಟ್ಟೆಯಲ್ಲಿ ದೊಡ್ಡ ದೊಡ್ಡ ಚೀಲ ಹೊಲಿದಳು. ಸಂಘದವರು ಮರಳು ತುಂಬಿ ಕಾಲುವೆಯ ಬಾಯಿಗೆ ಒತ್ತಿದರು. ನೀರು ನಿಂತಿತು. ಎಲ್ಲರೂ ಶಭಾಷ್ ಎಂದರು.

ಕೆಲವು ದಿನಗಳಲ್ಲಿ ನಾದಿನಿ ಬಂದಳು. ಅವಳಿಗೆ ಮೀನುಗಾರಿಕೆ ಇಲಾಖೆಯಲ್ಲಿ ಕೆಲಸ. ಮನೆಯಲ್ಲಿ ಅವಳಿಗಿಟ್ಟ ಹೆಸರು ಮೀನು ಡಾಕ್ಟರು. ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತಳು.

"ಅತ್ತಿಗೆ, ಒಡ್ಡಿನ ಹತ್ರ ಚೀಲ ಒತ್ತಿದ್ದು ಯಾರು?"

"ನಾನೇ ಕಣೇ. ಸನ್ಮಾನ ಇಟ್ಕೊಂಡಿದ್ದೀರಾ?"

ನಾದಿನಿ ನಗಲಿಲ್ಲ. "ಮೊದ್ಲು ಬನ್ನಿ ನನ್ ಜೊತೆ."

ಒಡ್ಡಿನ ಕೆಳಗಿನ ಮಡುವಿನಲ್ಲಿ ದೊಡ್ಡ ಹುರುಪೆಯ ಹೊನ್ನಬಣ್ಣದ ಮೀನುಗಳು ಒತ್ತೊತ್ತಾಗಿ ಗಿಜಿಗುಡುತ್ತಿದ್ದವು. ಒಂದೊಂದೂ ಎಗರಿ ಗೋಡೆಗೆ ಬಡಿದು ಬೀಳುತ್ತಿತ್ತು. ಒಂದರ ಮೂತಿ ಕಿತ್ತು ಕೆಂಪಾಗಿತ್ತು. ದಡದಲ್ಲಿ ಇಬ್ಬರು ಬುಟ್ಟಿಯಲ್ಲಿ ಗೋರಿಕೊಳ್ಳುತ್ತಿದ್ದರು.

"ಇವಕ್ಕೆ ಇಲ್ಲೇ ಇರೋಕೇನು ಧಾಡಿ?" ಎಂದಳು ಟೈಲರಕ್ಕ. ದನಿ ಮಾತ್ರ ಜೋರಾಗಿರಲಿಲ್ಲ.

"ಹೆರಿಗೆಗೆ ಬಂದವಳ ಮುಂದೆ ಆಸ್ಪತ್ರೆ ಬಾಗಿಲು ಹಾಕ್ಕೊಂಡ ಹಾಗಾಗಿದೆ ಅತ್ತಿಗೆ. ಇವುಗಳ ಹೊಟ್ಟೆ ತುಂಬ ಮೊಟ್ಟೆ. ಮೇಲ್ಗಡೆ, ಸಣ್ಣ ಕಲ್ಲುಗಳ ಮೇಲೆ ತಿಳಿನೀರು ಹರಿಯೋ ಕಡೆ ಹೋಗಿ ಇಡ್ಬೇಕು. ಇಲ್ಲಿರೋದು ಬರೀ ಹೂಳು. ಹೂಳಲ್ಲಿ ಮೊಟ್ಟೆಗೆ ಉಸಿರು ಕಟ್ಟುತ್ತೆ. ನೀವು ಮುಚ್ಚಿದ್ದು ಸೋರೋ ಸಂದಲ್ಲ, ಮೀನು ಹತ್ತೋ ದಾರಿ. ಈ ಜಾತಿ ಉಳ್ಕೊಂಡಿರೋದೇ ಎಲ್ಲೋ ಒಂದೆರಡು ಹೊಳೇಲಿ."

"ಮೀನಿಗೆ ನೀರು ಬಿಟ್ಟು ಬೀದಿಗೇನು ಬಿಡ್ಲಿ? ನಾಳೆ ನಲ್ಲಿ ನಿಂತ್ರೆ ನಿನ್ನಣ್ಣನ್ನ ಜನ ಸುಮ್ನೆ ಬಿಡ್ತಾರಾ?"

"ಚೀಲ ಒತ್ತಿದ ಮೇಲೆ ನೀರು ಜೋರಾಯ್ತಾ?"

ಆಗಿರಲಿಲ್ಲ.

ಅಷ್ಟರಲ್ಲಿ ನೀರುಗಂಟಿ ಪಂಪ್‌ಹೌಸಿನಿಂದ ಕೆಸರುಗೈಯಲ್ಲೇ ಬಂದ. "ನನ್ನ ಪೈಪಿನ ಬಾಯಿ ಈ ಕಾಲುವೆಗಿಂತ ಎಷ್ಟೋ ಕೆಳಗಿದೆ ಕಣೇ. ಇದು ಹರಿದ್ರೂ ನಮಗೆ ಸಿಗೋದು ಸಿಗುತ್ತೆ. ಈಗ ತಾನೇ ಪೈಪಿನ ಜಾಲರಿ ಬಿಚ್ಚಿ ನೋಡ್ದೆ. ಹೂಳು ಮೆತ್ಕೊಂಡು ಕೂತಿದೆ."

"ಪೈಪು ಕೆಳಗಿದೆ ಅಂತ ಮೊದ್ಲೇ ಬಾಯಿಬಿಡೋಕೆ ಏನಾಗಿತ್ತು ನಿಮಗೆ?"

"ನೀನು ಹೊಲಿಯೋವಾಗ ಮಾತಾಡಿದ್ರೆ ನನ್ನ ಬಾಯಿಗೂ ಎರಡು ಹೊಲಿಗೆ ಹಾಕ್ತಿದ್ದೆ!"

ಟೈಲರಕ್ಕ ಸೆರಗು ಸಿಕ್ಕಿಸಿಕೊಂಡು ಕಾಲುವೆಗೆ ಇಳಿದಳು. ನೆನೆದ ಚೀಲಗಳು ಹೆಣಭಾರವಾಗಿದ್ದವು. ಮೂವರೂ ಸೇರಿ ಎಳೆದರು.

"ಅಕ್ಕಾ, ನೀರು ಪೋಲು!" ಎಂದು ಕೂಗಿದ ಬುಟ್ಟಿಯವನೊಬ್ಬ.

"ಬುಟ್ಟಿ ಖಾಲಿ ಮಾಡಿ ಈಚೆ ಬಾ, ಯಾವುದು ಪೋಲು ಅಂತ ಹೇಳ್ತೀನಿ!"

ನೀರು ಮೆಟ್ಟಿಲಿಳಿದು ಮಡುವಿಗೆ ಬಿತ್ತು. ಒಂದು ಮೀನೂ ಇತ್ತ ತಿರುಗಲಿಲ್ಲ. ಟೈಲರಕ್ಕ ಮಡುವಿನತ್ತ ಬಾಗಿದಳು. "ಬೇಜಾರಾಗಿ ಹತ್ತೋದನ್ನೇ ಬಿಟ್ಟುಬಿಟ್ವೇನೇ ಇವು?" ನಾದಿನಿ ದಡದಂಚಿನ ಹೂಳನ್ನು ನೋಡುತ್ತಿದ್ದಳು. ಅಲ್ಲಿ ಬಿಳಿಚಿಕೊಂಡ ಸಣ್ಣ ಮೊಟ್ಟೆಗಳು ಚೆಲ್ಲಿದ್ದವು.

"ಇವು?"

"ತಡೆಯೋಕಾಗದೆ ಇಲ್ಲೇ ಇಟ್ಟಿವೆ. ಇವು ಹೋದ್ವು ಅತ್ತಿಗೆ."

ಟೈಲರಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಆಗ ಮೂತಿ ಕಿತ್ತ ಮೀನು ಹರಿವಿನ ಕಡೆ ಹೊರಳಿತು. ಮೊದಲ ಮೆಟ್ಟಿಲಿಗೆ ಎಗರಿ ಬಿತ್ತು. ಮತ್ತೆ ಎಗರಿತು, ಹತ್ತಿತು. ಅದರ ಹಿಂದೆ ಇನ್ನೊಂದು. ಮೂವರೂ ಉಸಿರು ಬಿಗಿಹಿಡಿದು ನಿಂತರು, ಮಾತಾಡಿದರೆ ಎಲ್ಲಿ ಹಿಂದಿರುಗುತ್ತವೋ ಎಂಬಂತೆ.

ಜಾಲರಿ ತೊಳೆದ ಮೇಲೆ ನಲ್ಲಿಯೂ ಸರಿಯಾಯಿತು. ಟೈಲರಕ್ಕ ಮತ್ತೆ ಮನೆಮನೆಗೆ ಹೋದಳು, "ನಾನು ಹೇಳಿದ್ದರಲ್ಲಿ ಅರ್ಧ ತಪ್ಪಿತ್ತು ಕಣ್ರೇ" ಎಂದು ಹೇಳಲು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಹೊಳೆಗೂ ಒಡ್ಡು ಬಂದಿರಬಹುದು, ನಾಳೆ ಬರಬಹುದು. ನೀರು ನಮಗೆ ಬೇಕೇ ಬೇಕು. ಆದರೆ ಕಟ್ಟುವ ಮೊದಲೇ ಸಭೆಯಲ್ಲಿ ಎದ್ದು ನಿಂತು ಕೇಳಿ: ಮೀನು ಹತ್ತುವ ದಾರಿ ಎಲ್ಲಿದೆ? ಬೇಸಿಗೆಯಲ್ಲಿ ಒಡ್ಡಿನ ಕೆಳಗೆ ಎಷ್ಟು ನೀರು ಬಿಡುತ್ತೀರಿ? ದಾರಿ ಇದ್ದರೆ ಅದರಲ್ಲಿ ಕಸ ಕಟ್ಟದಂತೆ ನೋಡಿಕೊಳ್ಳಿ, ಅದರ ಬಾಯಲ್ಲಿ ಬಲೆ, ಬುಟ್ಟಿ ಒಡ್ಡಬೇಡಿ. ಯಾತಕ್ಕೆಂದು ತಿಳಿಯದ ಕಾಲುವೆ ಕಂಡರೆ, ಮುಚ್ಚುವ ಮೊದಲು ಮೀನುಗಾರಿಕೆ ಇಲಾಖೆಯವರನ್ನು ವಿಚಾರಿಸಿ. ಇವತ್ತೇ ಹೋಗಿ ನೋಡಿ ಬನ್ನಿ. ಮೊಟ್ಟೆ ಹೊತ್ತ ಮೀನು ನಮ್ಮ ಬಿಡುವಿಗಾಗಿ ಕಾಯುವುದಿಲ್ಲ.