ಅಳಿಯನಿಗೆ ಮಣೆ

ಜಗತ್ತಿನಲ್ಲಿ ಯಾರ ಕೈ ಮೇಲಾಗಿದೆ, ಯಾರದು ಕೆಳಗಾಗಿದೆ ಎಂಬುದು ಪತ್ರಿಕೆಯವರಿಗಿಂತ ಮೊದಲು ನಮ್ಮ ನೆಲಮಾಳಿಗೆಗೆ ಗೊತ್ತಾಗುತ್ತದೆ. ಇದು ಜಂಬವಲ್ಲ. ಮೇಲಿನ ಸಭಾಭವನದಲ್ಲಿ ವರ್ಷಕ್ಕೊಮ್ಮೆ ಹತ್ತು ದೇಶಗಳ ಮಂತ್ರಿಗಳು ವ್ಯಾಪಾರದ ಮಾತುಕತೆಗೆ ಸೇರುತ್ತಾರೆ. ಅವರು ಕೂರುವ ಕುರ್ಚಿಗಳನ್ನು ಮಾಡಿದವರು ಬಡಗಿ ಮೇಸ್ತ್ರಿಯಾದ ನಮ್ಮಪ್ಪ. ಅವುಗಳ ಮೆತ್ತೆ ಹೊಲಿಯುವವಳು ನಾನು.

ಹತ್ತೂ ಕುರ್ಚಿ ನೋಡಲು ಒಂದೇ ಥರ. ಆದರೆ ಆ ವರ್ಷ ಯಾವ ದೇಶವನ್ನು ಓಲೈಸಬೇಕೋ ಆ ದೇಶದ ಕುರ್ಚಿಯ ನಾಲ್ಕು ಕಾಲಿಗೂ ಎರಡು ಬೆರಳು ದಪ್ಪದ ಮರದ ತುಂಡು ಸೇರಿಸಿ ಸ್ಕ್ರೂ ಹಾಕುತ್ತೇವೆ. ಅದೇ ಮರ, ಅದೇ ಪಾಲಿಶು, ಅಳತೆ ಹಿಡಿಯದೆ ಯಾರಿಗೂ ತಿಳಿಯದು. ಅದರಲ್ಲಿ ಕೂತವರಿಗೆ ಮಾತ್ರ ಉಳಿದವರೆಲ್ಲ ಸ್ವಲ್ಪ ತಗ್ಗಿದ ಹಾಗೆ ಕಾಣುತ್ತಾರೆ. ಆ ತುಂಡುಗಳಿಗೆ ಅಪ್ಪ ಇಟ್ಟ ಹೆಸರು ಮಣೆ. ಯಾರಿಗೆ ಮಣೆ ಹಾಕಬೇಕೆಂದು ಮೇಲಿನಿಂದ ಅಪ್ಪಣೆ ಕೊಡುವವರು ಪ್ರೋಟೋಕಾಲ್ ಮೇಡಂ.

ಇಂಥ ಗುಟ್ಟನ್ನು ದೇಶದ ಹೆಸರು ಹಿಡಿದು ಹೇಳಲಾಗುತ್ತದೆಯೇ? ಬಹಳ ಹಿಂದೆ ಒಮ್ಮೆ ಮೇಡಂ ಫೋನ್ ಮಾಡಿದಾಗ ಅವರ ಪಕ್ಕದಲ್ಲೇ ಯಾರೋ ರಾಯಭಾರಿ ನಿಂತಿದ್ದರಂತೆ. ಮೇಡಂ ಒಂಚೂರೂ ತಡವರಿಸದೆ, "ಮೇಸ್ತ್ರಿಗಳೇ, ನಿಮ್ಮ ಮಾವನವರು ಬರ್ತಿದಾರೆ, ಮಣೆ ಹಾಕಿ" ಅಂದರು. ಬಂದರೆ ಎಲ್ಲರೂ ಎದ್ದು ನಿಲ್ಲುವ ದೇಶ ಯಾವುದೆಂದು ಅಪ್ಪನಿಗೆ ಹೊಳೆಯಿತು. ಅಂದಿನಿಂದ ನಮ್ಮಲ್ಲಿ ದೇಶಗಳಿಲ್ಲ, ನೆಂಟರಿದ್ದಾರೆ. ಪೈಪಿನಲ್ಲಿ ಗ್ಯಾಸು ಕಳಿಸುತ್ತ, ಮಾತುಮಾತಿಗೆ ಮುಖ ಊದಿಸಿಕೊಂಡು ಅದನ್ನು ನಿಲ್ಲಿಸುತ್ತಿದ್ದ ದೇಶ ಅಳಿಯ. ಅವರಿವರ ಕಾರ್ಖಾನೆಗೆ ಬಿಡಿಭಾಗ ಮಾಡಿಕೊಡುತ್ತ ಎಲ್ಲರಿಗೂ ತಲೆಯಾಡಿಸುತ್ತಿದ್ದ ದೇಶ ಮೈದುನ. ನಗುನಗುತ್ತಲೇ ಕತ್ತಿ ಮಸೆಯುವ ಇಬ್ಬರು ಬೀಗರು. ಕುರ್ಚಿಯ ತಳದಲ್ಲಿ ಅಪ್ಪ ಸೀಮೆಸುಣ್ಣದಲ್ಲಿ ಆಯಾ ನೆಂಟಸ್ತಿಕೆ ಬರೆದಿಟ್ಟಿದ್ದರು.

ಈ ವರ್ಷ ಸಭಾಭವನಕ್ಕೆ ಬಂದ ಹೊಸ ಮ್ಯಾನೇಜರಿಗೆ ನಮ್ಮ ಗರಗಸದ ಸದ್ದೇ ಆಗುತ್ತಿರಲಿಲ್ಲ. ಚಕ್ರ ಇರುವ ಕಾರ್ಖಾನೆಯ ಕುರ್ಚಿ ತರಿಸಬೇಕೆಂದು ಅವರ ಹಟ. ಸಭೆಗೆ ವಾರವಿದ್ದಾಗ ಮೆಟ್ಟಿಲ ಮೇಲೆ ನಿಂತೇ, ಕೆಳಗಿಳಿದರೆ ಹೊಟ್ಟು ಮೆತ್ತಿಕೊಂಡೀತೆಂಬಂತೆ, ಹೇಳಿದರು.

"ಮೇಸ್ತ್ರಿ, ಈ ಸಲ ಕುರ್ಚಿ ಬಗ್ಗೆ ಒಂದೇ ಒಂದು ದೂರು ಬರ್ಲಿ. ಮರುದಿನವೇ ನಿಮ್ಮ ವರ್ಕ್‌ಶಾಪಿಗೆ ಬೀಗ."

ಅಪ್ಪನಿಗೆ ನಿವೃತ್ತಿಗೆ ಆರು ತಿಂಗಳಿತ್ತು. ಆಮೇಲೆ ಈ ಉಳಿ, ಈ ಬೆಂಚು, ಈ ಅಂಟಿನ ವಾಸನೆ ಎಲ್ಲ ನನ್ನದೆಂದು ಚಿಕ್ಕಂದಿನಿಂದ ನಂಬಿದ್ದವಳು ನಾನು. ಆ ರಾತ್ರಿ ಊಟ ಸೇರಲಿಲ್ಲ, ಸುಳ್ಳು ಯಾಕೆ ಹೇಳಲಿ.

ಸಭೆಯ ಹಿಂದಿನ ದಿನ ಅಪ್ಪ ಕಣ್ಣಿನ ಪೊರೆ ತೆಗೆಸಿಕೊಳ್ಳಲು ಆಸ್ಪತ್ರೆಗೆ ಹೋಗಿದ್ದರು. ಆಗಲೇ ಮೇಡಂ ಫೋನ್ ಬಂತು.

"ನೀನಾ? ಅಪ್ಪ ಇಲ್ವಾ? ಸರಿ, ನೀನೇ ಕೇಳಿಸ್ಕೋ. ಈ ಸಲ ಮಾವನ ಮಣೆ ತೆಗಿ, ಅಳಿಯನಿಗೆ ಹಾಕು. ಮರೀಬೇಡಮ್ಮ."

"ಈಗ್ಲೇ ಹಾಕ್ತೀನಿ ಮೇಡಂ."

ಹತ್ತೂ ಕುರ್ಚಿ ಬೋರಲು ಹಾಕಿ ಬರಹ ಓದಿದೆ. ಮಾವನ ಮಣೆ ಬಿಚ್ಚಿ ಅಳಿಯನಿಗೆ ಬಿಗಿದೆ. ಪಾಲಿಶ್ ಒರೆಸಿ, ಬೆಳಕಿಗೆ ಹಿಡಿದು, ನನ್ನ ಕೈಕೆಲಸಕ್ಕೆ ನಾನೇ ಭೇಷ್ ಅಂದುಕೊಂಡೆ. ಸಂಜೆಯ ಹೊತ್ತಿಗೆ ಕುರ್ಚಿಗಳು ಸಭಾಂಗಣ ಸೇರಿದವು.

ಮರುದಿನ ಬೆಳಗ್ಗೆ ಅಪ್ಪ ಒಂದು ಕಣ್ಣಿಗೆ ಹಸಿರು ಬಟ್ಟೆ ಕಟ್ಟಿಕೊಂಡು, ಡಾಕ್ಟರು ಬೇಡವೆಂದರೂ ಬಂದೇಬಿಟ್ಟರು.

"ಮಣೆ ಯಾರಿಗಂತೆ?"

"ಅಳಿಯನಿಗೆ. ಹಾಕಾಯ್ತು."

"ಯಾವ ಕುರ್ಚಿಗೆ ಹಾಕಿದೆ?"

"ಇದೇನಪ್ಪ, ಅಳಿಯ ಅಂತ ನೀವೇ ಬರೆದಿದೀರಲ್ಲ, ಅದಕ್ಕೆ."

ಅಪ್ಪ ಬೆಂಚಿನ ಮೇಲೆ ಕುಸಿದು ಕೂತರು. "ಅಯ್ಯೋ, ಅವನು ಹಳೇ ಅಳಿಯ ಕಣೇ! ಅವನ ಗ್ಯಾಸು ಮುಗಿದು ಮೂರು ವರ್ಷ ಆಯ್ತು. ಈಗ ಯಾರೂ ಅವನಿಗೆ ಸೊಪ್ಪು ಹಾಕಲ್ಲ. ಮೈದುನ ಇದ್ನಲ್ಲ, ಪ್ರಪಂಚಕ್ಕೆಲ್ಲ ಬ್ಯಾಟರಿ ಈಗ ಅವನದ್ದೇ. ಹೋದ ವರ್ಷದಿಂದ ಅವನೇ ಅಳಿಯ!"

"ಮತ್ತೆ ಬರಹ ಯಾಕೆ ಬದಲಾಯಿಸ್ಲಿಲ್ಲ?"

"ನೆಂಟಸ್ತಿಕೆ ಬಾಯಲ್ಲಿ ಬದಲಾಗ್ತಾ ಹೋಯ್ತು. ಪ್ರತಿ ಸಲ ಕುರ್ಚಿ ಬೋರಲು ಹಾಕೋಕೆ ಸೊಂಟ ಕೇಳಬೇಕಲ್ಲ."

ಸೊಂಟಕ್ಕೂ ಜಗತ್ತಿನ ರಾಜಕೀಯಕ್ಕೂ ಹೀಗೆ ಗಂಟು ಬೀಳುತ್ತದೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಸ್ಕ್ರೂಡ್ರೈವರ್ ಹಿಡಿದು ಮೇಲಕ್ಕೆ ಓಡಿದೆ. ಸಭಾಂಗಣದ ಪಕ್ಕದ ಬಾಗಿಲಿಗೆ ಬರುವಷ್ಟರಲ್ಲಿ ಕಾಲು ಅಲ್ಲೇ ನಿಂತಿತು. ಒಳಗೆ ಕೋಟು ತೊಟ್ಟ ಇಬ್ಬರು ಮಂಡಿಯೂರಿ ಕೂತಿದ್ದರು. ಒಬ್ಬ ಮಾವನ ಕಡೆಯವನು, ಇನ್ನೊಬ್ಬ ಹೊಸ ಅಳಿಯನ ಕಡೆಯವನು. ಇಬ್ಬರ ಕೈಯಲ್ಲೂ ಅಳತೆ ಟೇಪು! ಮಾವನ ಕಡೆಯವನು ಹೊಸ ಅಳಿಯನ ಕುರ್ಚಿ ಅಳೆಯುತ್ತಿದ್ದ, ಹೊಸ ಅಳಿಯನ ಕಡೆಯವನು ಮಾವನದ್ದನ್ನು. ಮ್ಯಾನೇಜರು ಪಕ್ಕದಲ್ಲಿ ನಿಂತು ಬೆವರು ಒರೆಸಿಕೊಳ್ಳುತ್ತಿದ್ದರು.

ಮೊದಲನೆಯವನು ಟೇಪು ಸುತ್ತಿ ಎದ್ದ. ಎರಡನೆಯವನೂ ಎದ್ದ. ಇಬ್ಬರೂ ಪರಸ್ಪರ ಅಂಕಿ ಹೇಳಿಕೊಂಡರು. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಹೇಗಿದ್ದೀತು? ಮಾವನ ಮಣೆ ತೆಗೆದಿದ್ದೆ, ಹೊಸ ಅಳಿಯನಿಗೆ ಹಾಕಿರಲಿಲ್ಲ. ಇಬ್ಬರೂ ಕೈ ಕುಲುಕಿ, ಮಕ್ಕಳ ಹಾಗೆ ನಕ್ಕುಬಿಟ್ಟರು. ಹಳೇ ಅಳಿಯನ ಕುರ್ಚಿಯ ಕಡೆ ಯಾರೂ ತಿರುಗಿಯೂ ನೋಡಲಿಲ್ಲ. ಅದನ್ನೂ ಅಳೆಯಬೇಕೆಂದು ಯಾರಿಗೆ ತಾನೇ ಹೊಳೆಯುತ್ತದೆ!

ಸಭೆ ಶುರುವಾಯಿತು. ನಾನು ಬಾಗಿಲ ಸಂದಿಯಲ್ಲೇ ನಿಂತೆ. ಹಳೇ ಅಳಿಯನ ಕುರ್ಚಿಗೆ ಬಂದವರು ವಯಸ್ಸಾದ, ತೀರಾ ಗಿಡ್ಡನೆಯ ಮಂತ್ರಿಣಿ. ಮೂರು ವರ್ಷದಿಂದ ಅವರೇ ಬರುತ್ತಿದ್ದರು. ಮೇಜಿನ ಮೇಲಿನ ಬಾವುಟ, ನೀರಿನ ಬಾಟಲಿ, ಮೈಕುಗಳ ಹಿಂದೆ ಅವರ ಕೂದಲಷ್ಟೇ ಕಾಣುತ್ತಿತ್ತು. ಸಣ್ಣ ದೇಶಗಳ ಸರಕಿಗೂ ದೊಡ್ಡವರ ಬಂದರಿನಲ್ಲಿ ಸರದಿ ಪ್ರಕಾರ ಜಾಗ ಕೊಡಿ ಎಂಬ ಅವರ ವಿಷಯ ಪಟ್ಟಿಯ ಕೊನೆಯಲ್ಲಿರುತ್ತಿತ್ತು, ಪ್ರತಿ ವರ್ಷ ಮುಂದಿನ ವರ್ಷಕ್ಕೆ ಹೋಗುತ್ತಿತ್ತು.

ಈ ಸಲ ಬಾವುಟದ ಮೇಲೆ ಅವರ ಮುಖ ಕಂಡಿತು. ಕೈ ಎತ್ತಿದರು. ಅಧ್ಯಕ್ಷರು ಕನ್ನಡಕ ಸರಿಮಾಡಿಕೊಂಡು, "ಹೇಳಿ ತಾಯಿ" ಅಂದರು. ಮಾವನಿಗೂ ಹೊಸ ಅಳಿಯನಿಗೂ ಬೆಳಗಿನ ಟೇಪಿನ ಖುಷಿ ಇನ್ನೂ ಇಳಿದಿರಲಿಲ್ಲ. ಮಂತ್ರಿಣಿಯ ಬಂದರಿನ ಮಾತಿಗೆ ಇಬ್ಬರೂ ಒಳ್ಳೆಯವರೆನ್ನಿಸಿಕೊಳ್ಳಲು ನಾ ಮುಂದು ತಾ ಮುಂದು ಎಂದು ಒಪ್ಪಿದರು. ಮಂತ್ರಿಣಿ ಕಾಗದಗಳನ್ನು ಜೋಡಿಸಿಕೊಳ್ಳುವಾಗ ನನಗೆ ಕಣ್ಣು ತುಂಬಿ ಬಂತು.

ಮಧ್ಯಾಹ್ನ ಮ್ಯಾನೇಜರು ಮೊದಲ ಬಾರಿಗೆ ಹದಿನಾಲ್ಕೂ ಮೆಟ್ಟಿಲು ಇಳಿದು ಬಂದರು. ಕೈಯಲ್ಲಿ ಎರಡು ಪತ್ರ, ಎರಡೂ ಮೆಚ್ಚುಗೆಯವು. ಇಷ್ಟು ಕರಾರುವಾಕ್ಕಾದ ಕುರ್ಚಿಗಳನ್ನು ಎಲ್ಲೂ ಕಂಡಿಲ್ಲವೆಂದು ಮಾವನ ಕಡೆಯವರೂ ಅಳಿಯನ ಕಡೆಯವರೂ ಬರೆದಿದ್ದರು.

"ಚಕ್ರದ ಕುರ್ಚಿ ಬೇಡ ಬಿಡಿ ಮೇಸ್ತ್ರಿ," ಅಂದರು, ಹೊಟ್ಟು ಮೆತ್ತಿದ ಬೂಟು ನೋಡುತ್ತ. "ಈ ಕೆಲಸ ನಿಮ್ಮ ನಂತರ ಯಾರು ಮಾಡ್ತಾರೆ?"

"ಇವಳೇ. ಈ ಸಲದ್ದೂ ಇವಳದ್ದೇ ಕೆಲಸ," ಅಂದರು ಅಪ್ಪ.

ಮ್ಯಾನೇಜರು ಹೋದ ಬೆನ್ನಿಗೇ ಮೇಡಂ ಬಂದರು. ಬೈಗುಳಕ್ಕೆ ತಯಾರಾಗಿ ನಿಂತಿದ್ದೆ. ಅವರು ನನ್ನನ್ನೂ ಅಪ್ಪನನ್ನೂ ನೋಡಿ, ಬಾಗಿಲು ಮುಚ್ಚಿ, ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರ ಹಿಂದೆಯೇ ಬಾಗಿಲು ತಟ್ಟಿದ ಸದ್ದು. ನೋಡಿದರೆ ಆ ಮಂತ್ರಿಣಿ!

"ಈ ಕುರ್ಚಿ ಕೆಲಸ ಯಾರದ್ದು?"

ಅಪ್ಪ ಸತ್ಯ ಹೇಳಲು ಬಾಯಿ ತೆರೆದರು. ನಾನು ಅವರ ಕಾಲು ತುಳಿದೆ.

"ನನ್ನದು," ಅಂದೆ.

"ಮೂರು ವರ್ಷ ನನ್ನ ಕೈ ಯಾರಿಗೂ ಕಂಡಿರಲಿಲ್ಲ ಮಗಳೇ. ಇವತ್ತು ಕಾಣಿಸ್ತು. ಕಾಲು ನೆಲಕ್ಕೆ ಎಟುಕ್ತಿರಲಿಲ್ಲ, ಅಷ್ಟೇ. ಅದೇನೂ ಪರವಾಗಿಲ್ಲ." ನನ್ನ ಕೈ ಒತ್ತಿ ಹಿಡಿದು, ಸರಸರನೆ ಮೆಟ್ಟಿಲು ಹತ್ತಿ ಹೋದರು.

ಸಭೆ ಮುಗಿದು ಕುರ್ಚಿಗಳು ಕೆಳಗೆ ಬಂದಾಗ ಅಪ್ಪ ಸೀಮೆಸುಣ್ಣವನ್ನು ನನ್ನ ಕೈಗಿತ್ತರು. "ಇನ್ಮೇಲೆ ನೀನೇ ಬರಿ. ನಿನ್ನ ಸೊಂಟ ಗಟ್ಟಿಯಿದೆ."

ಹತ್ತೂ ಕುರ್ಚಿ ಬೋರಲು ಹಾಕಿ, ಒದ್ದೆ ಬಟ್ಟೆಯಲ್ಲಿ ಮಾವ, ಮೈದುನ, ಬೀಗರು ಎಲ್ಲರನ್ನೂ ಒರೆಸಿದೆ. ಕೊನೆಗೆ ಉಳಿದದ್ದು ಹಳೇ ಅಳಿಯ. ಅದನ್ನೂ ಒರೆಸಿ, ಅದೇ ಜಾಗದಲ್ಲಿ ದಪ್ಪಕ್ಷರದಲ್ಲಿ ಬರೆದೆ: "ಮಣೆ ತೆಗೆಯಕೂಡದು. ಕೂತವರ ಪಾದ ಇಡಲೂ ಒಂದು ಮಣೆ ಇಡುವುದು."